ಕಾಲುಂಗುರ

ಮಂಗಳವಾರ ರಕ್ತ ತೆಗೆದುಕೊಂಡರು,
ಗುರುವಾರ ಬಾ ಅಂದರು.
ಗೆಂಟ್ ಊರಿನ ಆಸ್ಪತ್ರೆ, ನೆಲಮಾಳಿಗೆ;
ಬಾಗಿಲ ಮೇಲೆ ಮೂರೆಲೆಯ ಹಳದಿ ಗುರುತು.
ಒಳಗೆ ಯೊಲೀನ್ ಎಂಬ ಹುಡುಗಿ,
ಬೆರಳಲ್ಲಿ ವಿಕಿರಣ ಅಳೆಯುವ ಪ್ಲಾಸ್ಟಿಕ್ ಉಂಗುರ.

ನಾನು ಓಡೀಲ್. ಎಪ್ಪತ್ತೊಂದು.
ನಲವತ್ತು ವರ್ಷ ಪಂದ್ಯದ ಪಾರಿವಾಳ ಸಾಕಿದವನು.
ಮಾಡಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕೂತು
ಬೆನ್ನಲ್ಲೊಂದು ಮಚ್ಚೆ ಕಪ್ಪಿಟ್ಟು
ಈಗ ತೊಡೆಸಂದಿಗೆ ಗಡ್ಡೆಯಾಗಿ ಇಳಿದಿದೆ.
ಸುತ್ತಿ ಬಳಸಬೇಡ ಮಗಳೇ, ಅಂದೆ, ನೇರ ಹೇಳು.

ಹೇಳಿದಳು:
ನಿಮ್ಮ ರಕ್ತದ ಕಾವಲಿನವರನ್ನು ಸೋಸಿ ತೆಗೆದಿದ್ದೇವೆ.
ಒಬ್ಬೊಬ್ಬರಿಗೂ ಒಂದಿಷ್ಟು ಕಣ ಉಣಿಸಿದ್ದೇವೆ,
ಕೂದಲಿನ ದಪ್ಪದೊಳಗೆ ಸಾವಿರ ಸಾಲಾಗಿ ನಿಂತಾವು, ಅಷ್ಟು ಸಣ್ಣವು.
ಅದರೊಳಗೆ ಜಿರ್ಕೋನಿಯಂ. ಸದ್ದಿಲ್ಲದೆ ಉರಿಯುತ್ತದೆ.
ಮತ್ತೆ ನಿಮ್ಮ ಮೈಗೇ ಬಿಟ್ಟು
ಯಾರು ಎಲ್ಲಿಗೆ ಹೋದರು ಅಂತ ಹೊರಗೆ ಕೂತು ನೋಡುತ್ತೇವೆ.

ಇಷ್ಟೇ ತಾನೇ!
ಕಾಲುಂಗುರ ತೊಡಿಸಿ ಬಿಡುವುದು.
ಮರಿ ಹುಟ್ಟಿ ಏಳನೇ ದಿನ, ಪಾದ ಇನ್ನೂ ಮೆತ್ತಗಿರುವಾಗ
ಮೂರು ಬೆರಳು ಮುಂದೆ ಚಾಚಿಸಿ, ಹಿಂದಿನದನ್ನು ಮಡಿಸಿ
ಜಾರಿಸಬೇಕು. ಎರಡು ದಿನ ತಡವಾಯಿತೋ, ಹಿಡಿಸದು.
ಆಮೇಲೆ ಬುಟ್ಟಿ, ಲಾರಿ, ಬಾರ್ಸಿಲೋನಾ.
ಸಾವಿರ ಕಿಲೋಮೀಟರ್ ಆಚೆ ಯಾರೋ ಮುಚ್ಚಳ ತೆಗೆದರೆ
ಆಕಾಶ ಒಮ್ಮೆ ಕಪ್ಪಾಗಿ, ಮತ್ತೆ ಬರೀ ಆಕಾಶ.

ನಾವೂ ಅದಕ್ಕೆ ಮನೆ ಸೇರುವುದು ಅಂತಲೇ ಅನ್ನುತ್ತೇವೆ,
ಅಂದಳು ಯೊಲೀನ್, ಸೀಸದ ಡಬ್ಬಿಯ ತಿರುಪು ಬಿಚ್ಚುತ್ತ.

ತೋಳಲ್ಲಿ ತಣ್ಣಗೊಂದು ಗೆರೆ. ಬೇರೇನಿಲ್ಲ.

ಮೊದಲ ಚಿತ್ರದಲ್ಲಿ ಎಲ್ಲವೂ ಶ್ವಾಸಕೋಶದಲ್ಲೇ.
ಗಾಬರಿ ಬೇಡ, ಸಣ್ಣ ಓಣಿಗಳು, ಸಿಕ್ಕಿಕೊಳ್ಳುತ್ತವೆ ಅಂದಳು.
ಗಾಬರಿ ಯಾರಿಗೆ? ಪಿರನೀಸ್ ಬೆಟ್ಟಕ್ಕೆ ಮೋಡ ಕವಿದ ದಿನ
ನನ್ನವೂ ಹೀಗೇ ತಡೆದು ನಿಂತಿವೆ.
ಶುಕ್ರವಾರ ಪಿತ್ತಜನಕಾಂಗ, ಗುಲ್ಮ:
ದಾರಿಯ ಛತ್ರದಲ್ಲಿ ಉಂಡು ಮಲಗಿದವರ ಹಾಗೆ.

ಮನೆಯಲ್ಲಿ ಬಸುರಿ ಮೊಮ್ಮಗಳು ಬಾಗಿಲಲ್ಲಿ ಸೂಪಿಟ್ಟು
ಅಂಗಳದ ಆ ತುದಿಯಿಂದ ಕೈ ಬೀಸಿದಳು.
ನಾನು ಗೂಡಿನಲ್ಲೇ ಕೂತೆ.
ಹಕ್ಕಿಗಳಿಗೆ ಗೊತ್ತಾಗಲಿಲ್ಲ ನಾನು ಉರಿಯುತ್ತಿರುವುದು;
ಒಂದು ಹೆಗಲೇರಿತು, ಒಂದು ಚಪ್ಪಲಿ ಮೇಲೆ ಹೇತಿತು.
ಭಾನುವಾರದ ಹೊತ್ತಿಗೆ ಅರ್ಧ ಆರಿತ್ತು.
ಉಳಿದ ಅರ್ಧದಲ್ಲಿ ಅರ್ಧ ಇನ್ನು ಮೂರು ದಿನಕ್ಕೆ.
ಪೂರಾ ಆರುವುದು ಯಾವಾಗ ಅಂತ ಕೇಳಿದರೆ
ಲೆಕ್ಕ ಬಲ್ಲವರು ನಗುತ್ತಾರೆ.

ಸೋಮವಾರದ ಚಿತ್ರ.
ಬಂದಿದ್ದವು. ತೊಡೆಸಂದಿನ ತನಕ ಬಂದಿದ್ದವು.
ಗಡ್ಡೆಯ ಸುತ್ತ ತೆಳ್ಳಗೆ ಬೆಳಕಿನ ಬಳೆ;
ನಡುವೆ ಕತ್ತಲು.
ಒಳಗೆ ಹೋಗಿಲ್ಲ, ಅಂದಳು, ಅಂಚಲ್ಲೇ ಕೂತಿವೆ.

ಆ ವರ್ಷ ನನ್ನ ನೀಲಿ, ಎಲ್ಲರಿಗಿಂತ ಮೊದಲು
ಬಾರ್ಸಿಲೋನಾದಿಂದ ಬಂದು
ಮಾಡಿನ ಹೆಂಚಿನ ಮೇಲೆ ಹನ್ನೊಂದು ನಿಮಿಷ ಕೂತಿತ್ತು.
ಗೂಡಿನೊಳಗೆ ಇಳಿಯದೆ ಗಡಿಯಾರ ಒತ್ತುವಂತಿಲ್ಲ.
ಜೋಳದ ಡಬ್ಬಿ ಅಲ್ಲಾಡಿಸಿದೆ, ಸಿಳ್ಳೆ ಹಾಕಿದೆ,
ಗೋದ್ಲೀವಳ ಕೆಂಪು ಸೆರಗಂಗಿ ಕಂಡು ಬೆದರಿತೋ ಎಂದು
ಪಾಪ, ಅವಳನ್ನು ಬೈದೆ.
ಅಷ್ಟರಲ್ಲಿ ಪಕ್ಕದ ಊರಿನ ಕಟುಕ ಗೆದ್ದ.

ಇವಕ್ಕೆ ಯಾವ ಡಬ್ಬಿ ಅಲ್ಲಾಡಿಸುತ್ತೀರಿ? ಕೇಳಿದೆ.
ಯೊಲೀನ್ ಬೆರಳಿನ ಉಂಗುರ ತಿರುವಿದಳು.
ಆ ಡಬ್ಬಿಯನ್ನೇ ಹುಡುಕುತ್ತಿದ್ದೇವೆ, ಅಂದಳು.

ಆಮೇಲೆ ಚಿತ್ರವನ್ನು ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು.
ಬಳೆಯ ಒಳಗೆ, ಎಡಕ್ಕೆ, ಒಂದು ಚುಕ್ಕಿ.
ಯಂತ್ರದ ಭ್ರಮೆಯೂ ಇರಬಹುದು, ಬರೆದುಕೊಳ್ಳುವುದಿಲ್ಲ ಅಂದಳು.
ಬರೆಯಬೇಡ.
ದಿಗಂತದಲ್ಲಿ ಇಂಥ ಎಷ್ಟು ಚುಕ್ಕಿ ಕಂಡಿಲ್ಲ ನಾನು,
ಎಷ್ಟು ಕಾಗೆಯಾಗಲಿಲ್ಲ.

ಕಾಲುಚೀಲ ಹಾಕಿಕೊಂಡೆ.
ಬುಧವಾರ ಏಳೂವರೆಗೆ ಬನ್ನಿ ಅಂದಳು, ಖಾಲಿ ಹೊಟ್ಟೆಯಲ್ಲಿ.
ಬಂದೇ ಬರುತ್ತೇನೆ; ಕುರ್ಚಿಯೊಂದು ಹಾಕಿಸು,
ಕಾಯುವುದೊಂದು ನನಗೆ ಹೇಳಿಕೊಡಬೇಕಿಲ್ಲ.