ನಾಲ್ಕು ಕಾಲಿನ ರೂಪಾಯಿ

ಹಾಸನದ ಕಟ್ಟಿನಕೆರೆ ಮಾರುಕಟ್ಟೆ.
ಎಲೆ ಮಾರುವ ನಿಂಗಾಜಮ್ಮನ ಬುಟ್ಟಿ ಪಕ್ಕ
ಮೊಮ್ಮಗ ತಂದಿಟ್ಟ ಡಬ್ಬಿ.
"ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ."
ಒಂದು ಹಲ್ಲೂ ಅಲ್ಲಾಡದ ಕನ್ನಡ.
ಸ್ವೀಕರಿಸಿದ್ದು ಯಾರು, ನಾನೋ ನೀನೋ
ಅಂತ ಅದರ ಜೊತೆ ಅವಳ ಜಗಳ.

ಅವಳ ಬಾಯಲ್ಲಿ ಪಾವಲಿ ಇನ್ನೂ ಚಲಾವಣೆಯಲ್ಲಿದೆ.
"ಪಾವು ಅಂದ್ರೆ ಕಾಲು ಕಣಪ್ಪ,
ಸುಣ್ಣದಂಗಡಿ ಖಾಸಿಂ ಸಾಬ್ರು ಹೇಳೋರು.
ರೂಪಾಯಿಗೆ ನಾಲ್ಕು ಕಾಲು,
ಅದಕ್ಕೇ ಕೈಯಲ್ಲಿ ನಿಲ್ದೆ ಓಡೋದು."

ದಮ್ಮಡಿ ಈಗ ಬೈಯುವುದಕ್ಕೆ ಮಾತ್ರ.
ದುಗ್ಗಾಣಿ ಅತ್ತೆಯ ಜೊತೆ ಮಣ್ಣಾಯಿತು.
ರೊಕ್ಕ ಮಾತ್ರ ಹುಬ್ಬಳ್ಳಿ ಕಡೆಯ ಈರುಳ್ಳಿ ಲಾರಿಯಲ್ಲಿ ಬಂದು
ಬೀಡಿ ಹಚ್ಚಿ, ಚೌಕಾಸಿ ಮಾಡಿ,
ಸಂಜೆಗೆ ಊರಿಗೆ ಹೋಗಿಬಿಡುತ್ತದೆ.

ನಮ್ಮ ಕಾಸನ್ನೇ ಬಿಳಿಯರು ಒಯ್ದು
ಕ್ಯಾಶ್ ಮಾಡಿಕೊಂಡರಂತೆ, ಎಂದೆ,
ಎಲ್ಲೋ ಓದಿದ್ದನ್ನು.
"ಒಯ್ಲಿ ಬಿಡು. ಅದು ತೂತು."

ಯುದ್ಧಕ್ಕೆ ತಾಮ್ರ ಸಾಲದೆ
ಕಾಸಿನ ಹೊಟ್ಟೆ ಕೊರೆದ ಕಾಲ.
ಅವಳಪ್ಪ ಒಂದನ್ನು ಉಡಿದಾರಕ್ಕೆ ಪೋಣಿಸಿದ್ದ.
ಮೈಮೇಲೆ ಇದ್ದದ್ದು ಅಷ್ಟೇ.
ತೂತ್ಕಾಸು ಬಂದ್ಲು, ತೂತ್ಕಾಸು ಬಂದ್ಲು,
ಕೇರಿಯೆಲ್ಲ ಹಾಗೇ ಕರೆದದ್ದು
ಮದುವೆಯಾಗಿ ಈ ಊರಿಗೆ ಬರುವ ತನಕ.
ಹೇಳುವಾಗ ಅವಳಿಗೆ ನಗು.
ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಒಂದು ಕಟ್ಟು ಎಲೆ ಕೊಂಡೆ.
ಡಬ್ಬಿ ನನ್ನ ಲೆಕ್ಕ ಬೀದಿಗೆಲ್ಲ ಕೂಗಿತು.
ನಂಬದೆ ಅವಳು
ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು,
ಆಮೇಲೆ ಎರಡೆಲೆ ಕೊಸರು ಹಾಕಿದಳು.
ಡಬ್ಬಿ ಸುಮ್ಮನಿತ್ತು.