ಹಿಟ್ಟಿನ ರಿಜಿಸ್ಟರು

ಮಿಷಿನಿಗೆ ಸುರಿಯುವ ಮೊದಲು ನಾನು ಮೂಸುತ್ತೇನೆ.
ಹುಡುಗರು ನಗುತ್ತಾರೆ. ನಗಲಿ.
ತಾಳವಾಡಿ ಸಂತೆಬೀದಿಯಲ್ಲಿ ಮೂವತ್ತೆಂಟು ವರ್ಷದ ಬೆಲ್ಟು ನನ್ನದು.
ಕಿವಿ ಹೋಗಿದೆ, ರೆಪ್ಪೆ ನರೆಯುವ ಮೊದಲೇ ಬಿಳಿ,
ಮೂಗೊಂದು ನೆಟ್ಟಗಿದೆ.

ಆ ವರ್ಷ ಕಾಡಿನಲ್ಲಿ ಒಬ್ಬನಿದ್ದಾನೆ ಎಂದರು.
ಹಿಡಿಯಲೆಂದು ಶಾಲೆಯೊಳಗೆ ಕ್ಯಾಂಪು ಬಂತು,
ಬೆಂಚು ಹೊರಗೆ, ಬಂದೂಕು ಒಳಗೆ.
ಕಾಡಿನವನು ಏನು ಉಣ್ಣುತ್ತಾನೆ? ರಾಗಿ.
ರಾಗಿ ಯಾರ ಮನೆಯಲ್ಲಿದೆ? ಎಲ್ಲರ ಮನೆಯಲ್ಲಿ.
ಅಲ್ಲಿಗೆ ಮುಗಿಯಿತು ತನಿಖೆ.

ನನ್ನ ಕೈಗೊಂದು ರಿಜಿಸ್ಟರು ಕೊಟ್ಟರು:
ಹೆಸರು, ದೊಡ್ಡಿ, ಮನೆಯಲ್ಲಿ ತಲೆ ಎಷ್ಟು, ಸೇರು ಎಷ್ಟು.
ಹೆಸರು ಕನ್ನಡದಲ್ಲಿ ಬರೆದೆ,
ಅಂಕಿ ಅವರಿಗೂ ಅರ್ಥವಾಗುವ ಅಂಕಿ.
ಪೇದೆ ದೊರೈಕಣ್ಣು ಗೋಣಿಯ ಮೇಲೆ ಕೂತು
ಕಡಲೆಕಾಯಿ ಸುಲಿಯುತ್ತಿದ್ದ.
ಅವನದು ಭತ್ತದ ಬಯಲು; ಮುದ್ದೆ ನುಂಗಲು ಬಾರದೆ
ಅಗಿದು ಅಗಿದು ದವಡೆ ನೋಯಿಸಿಕೊಂಡವನು.
ವರ್ಷವಿಡೀ ಕಲಿತದ್ದು ಒಂದೇ ಕನ್ನಡ ಪದ:
ಯಾರಿಗೆ?

ಹೊನ್ನೆದೊಡ್ಡಿಯ ಜಡೆಮಾದಿ ವಾರಕ್ಕೆ ನಾಲ್ಕು ಸೇರು ತರುವಳು.
ಕಾಡಂಚಿನ ಅವಳ ಎರಡೆಕರೆಗೆ
ಆ ಮುಂಗಾರಿನಲ್ಲಿ ಕಾಲಿಡಲು ಬಿಡಲಿಲ್ಲ.
ಕಾಡುಗೆಣಸಿಗೆ ಗುದ್ದಲಿ ಹಿಡಿದರೆ ಅದೂ ಆಯುಧ.
ಜೇನಿಗೆ ಹೋಗಿದ್ದ ಅವಳ ಭಾವ
ಮೂರು ದಿನ ಶಾಲೆಯಲ್ಲಿದ್ದು ಬಂದ,
ಮಗ್ಗಿ ಕಲಿತು ಬಂದೆ ಅಂದ. ಯಾರೂ ನಗಲಿಲ್ಲ.

ನಾಲ್ಕು. ನಾಲ್ಕು. ನಾಲ್ಕು.
ಮುಂದಿನ ವಾರ ಏಳು ತಂದಳು.

ಸುರಿದೆ. ಕಲ್ಲು ಹಿಡಿಯುವ ಮೊದಲೇ ಘಾಟು ಎದ್ದಿತು:
ಲಕ್ಕಿಸೊಪ್ಪು, ಒಲೆಬೂದಿ, ಅಟ್ಟದ ಹೊಗೆ.
ಉಣ್ಣುವ ರಾಗಿಗೆ ಈ ವಾಸನೆ ಇರುವುದಿಲ್ಲ.
ಇದು ಗುಡಾಣದ ಬಾಯಿಗೆ ಸಗಣಿ ಮೆತ್ತಿ
ಹಸಿದರೂ ಮುಟ್ಟಬಾರದೆಂದು ಇಟ್ಟದ್ದು.
‘ಮಾದಿ, ಬಿತ್ತನೇದು ಕಣವ್ವ ಇದು.’
‘ಗೊತ್ತು ಮಿಷಿನಣ್ಣ. ಬಿತ್ತಕೆ ನೆಲ ಎಲ್ಲದೆ?
ನುಣ್ಣಗೆ ಬುಡು, ಕೂಸಿಗೆ ಅಂಬಲಿ ಆಗ್ಲಿ.’

ಗೋಣಿಯ ಮೇಲೆ ಸಿಪ್ಪೆಯ ಸದ್ದು ನಿಂತಿತು.
ಯಾರಿಗೆ?

ನಾನು ಹೇಳಬಹುದಿತ್ತು.
ಬೀಜಕ್ಕೆ ಅವರ ಭಾಷೆಯಲ್ಲಿ ವಿದೈ ಅನ್ನುತ್ತಾರೆ.
ನನಗೆ ಗೊತ್ತಿತ್ತು,
ಎರಡೂ ಭಾಷೆಯಲ್ಲಿ ಜಗಳವಾಡಿ ಬೆಳೆದ ಊರಿನವನು.
ಎರಡಕ್ಷರ.
ಏಳು ಎಂದು ಬರೆದೆ.
ಏಳಿತ್ತು, ಏಳೆಂದು ಬರೆದೆ, ಸುಳ್ಳೇನಲ್ಲ
ಎಂದು ಮೂವತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಹಿಟ್ಟು ಚೀಲ ತುಂಬುವ ಮೊದಲು ಜೀಪು ಬಂತು.
ಹನ್ನೊಂದು ದಿನ ಚೀಲ ಮೊಳೆಗೆ ನೇತಾಡಿತು.
ನಾನು ಅದರ ಕಡೆ ಬೆನ್ನು ಮಾಡಿ ಬೀಸಿದೆ.
ಹನ್ನೆರಡನೆಯ ದಿನ ಬಂದಳು, ಒಂದು ಕಾಲು ಎಳೆಯುತ್ತ.
ಚೀಲ ಬಿಚ್ಚಿ ಹುಳು ನೋಡಿದಳು, ಮತ್ತೆ ಕಟ್ಟಿದಳು.
ಬೀಸಿದ ಕೂಲಿ ಒಂದೂವರೆ ರೂಪಾಯಿ
ಕಟ್ಟೆಯ ಮೇಲಿಟ್ಟು ಹೋದಳು.
ಬೇಡವೆನ್ನಲು ನನಗೆ ಬಾಯಿರಲಿಲ್ಲ.

ಕ್ಯಾಂಪು ಎದ್ದಿತು. ಬೆಂಚು ಒಳಗೆ ಬಂದವು.
ರಿಜಿಸ್ಟರು ಕೇಳಲು ಯಾರೂ ಬರಲಿಲ್ಲ, ಇನ್ನೂ ಇದೆ ಅಟ್ಟದಲ್ಲಿ.
ಅವಳ ಪುಟದಲ್ಲಿ ನಾಲ್ಕು, ನಾಲ್ಕು, ನಾಲ್ಕು, ಏಳು,
ಆಮೇಲೆ ಬರಿಯ ಗೆರೆ.

ಈಗ ಅವಳ ಮೊಮ್ಮಗಳು ಕೋಕಿಲ ಬರುತ್ತಾಳೆ
ರೇಷನ್ ಗೋಧಿಯ ಹಳದಿ ಚೀಲ ಹೊತ್ತು.
ಮೂಸುತ್ತೇನೆ. ಪ್ಲಾಸ್ಟಿಕ್ಕು, ಗೋದಾಮು, ಗುಳಿಗೆಯ ಔಷಧಿ.
ಅಜ್ಜಿಯ ಕರಿಗಿಡ್ಡ ರಾಗಿ ಯಾರ ಹತ್ತಿರವಾದರೂ ಇದೆಯಾ ಅಂತ ಕೇಳಿದ್ದೆ.
ಹಂಗಂದ್ರೆ ಏನು ಅಂದಳು.

‘ಯಾಕೆ ತಾತ, ದಿನಾ ಮೂಸ್ತೀರಿ?’
‘ಕಲ್ಲಿದ್ದಾವೇನೋ ಅಂತ ಕಣವ್ವ.’
‘ಕಲ್ಲಿಗೆ ವಾಸ್ನೆ ಇದ್ದದಾ?’

ಬೆಲ್ಟು ಹಾಕುತ್ತೇನೆ. ಆ ಸದ್ದಿನಲ್ಲಿ
ಉತ್ತರ ಹೇಳಿದೆನೋ ಇಲ್ಲವೋ ಅವಳಿಗೆ ತಿಳಿಯುವುದಿಲ್ಲ.
ಬಿಸಿಬಿಸಿ ಹಿಟ್ಟು ಬೀಳತೊಡಗುತ್ತದೆ.
ಅವಳು ಚೀಲದ ಬಾಯಿ ಹಿಡಿದು ನಿಂತಿದ್ದಾಳೆ.