ಸಾವಿರ ಸೀಸಿ

ಬಣ್ಣ ಯಾವುದು ಅಂದರೆ ಹೇಳುವುದು ಕಷ್ಟ:
ಆರಿ ತೊಗಲು ಕಟ್ಟಿದ ಗಂಜಿಯದು.
ಸಾವಿರ ಸೀಸಿಯ ಹಳೇ ಮೈಕ್ರಾ.
ಮೊದಲ ಒಡತಿ ಕಾನ್ವೆಂಟಿನ ಒಬ್ಬ ಸಿಸ್ಟರ್,
ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದರಂತೆ.
ಕ್ಲಚ್ಚು ಬೇರೆಯೇ ಕತೆ ಹೇಳುತ್ತದೆ.

ನನ್ನ ಕೆಲಸ ಮನೆಯಿಂದ ಮನೆಗೆ.
ಮುದುಕರನ್ನು ಎಬ್ಬಿಸುವುದು, ಮೀಯಿಸುವುದು,
ಮಾತ್ರೆ ಎಣಿಸುವುದು, ಊದಿದ ಕಾಲಿಗೆ ಚೀಲ ಏರಿಸುವುದು.
ಅರ್ಧ ಗಂಟೆಗೆ ಇಷ್ಟು ಅಂತ ಸಂಬಳ.
ಒಂದು ಬಾಗಿಲಿಗೂ ಇನ್ನೊಂದು ಬಾಗಿಲಿಗೂ ನಡುವಿನ ದಾರಿಗೆ
ದುಡ್ಡಿಲ್ಲ.
ಯಾರೂ ಕೊಳ್ಳದ ಆ ಹನ್ನೊಂದು ನಿಮಿಷ
ನನ್ನವು.

ಡೊನಿಗಾಲಿನಲ್ಲಿ ಹುಟ್ಟಿದವರಿಗೆ ಗೊತ್ತು
ಜೂನ್ ತಿಂಗಳ ಆ ಮೂರು ದಿನ.
ರಸ್ತೆ ಮುಚ್ಚುತ್ತಾರೆ. ಬೇಲಿ ಹತ್ತಿ ಕೂತು
ಸುಟ್ಟ ರಬ್ಬರು ನಾರುವ ಸ್ಯಾಂಡ್‌ವಿಚ್ಚು ತಿನ್ನುತ್ತ
ಬಾಲ ಜಾರಿಸಿ ತಿರುವು ದಾಟುವ ಎಸ್ಕಾರ್ಟುಗಳ ಕೂಗಿಗೆ ಕಾಯುತ್ತೇವೆ.
ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದಾಗ ನನಗೆ ಏಳು.
ಆಮೇಲೆ ಬೇರೆ ದೇವರು ಮೈಮೇಲೆ ಬರಲಿಲ್ಲ.

ಒಂದು ಕಾಲಕ್ಕೆ ನನ್ನಲ್ಲೂ ಇತ್ತು,
ಹಿಂದಿನ ಚಕ್ರ ತಳ್ಳುವ ಕೆಂಪನೆಯದು, ಎರಡೇ ಸೀಟು.
ಅವಳಿ ಹುಟ್ಟಿದವು. ಇನ್ನೇನು ಮಾಡಲಿ?
ಕೊಂಡವನು ಟೈರೋನ್ ಕಡೆಯ ಹುಡುಗ.
ಅವನೆಣಿಸಿದ ನೋಟುಗಳ ನೆನಪಿಲ್ಲ.
ಮೊದಲ ಗೇರನ್ನು ಕಿರ್ರೆನ್ನಿಸಿ ಹಾಕಿದ್ದು ಮಾತ್ರ
ಇನ್ನೂ ನನ್ನ ಹಲ್ಲಿನಲ್ಲಿದೆ.

ಇದಕ್ಕೆ ಆ ಗತ್ತಿಲ್ಲ.
ಏರಿನಲ್ಲಿ, ಬಡವನ ಸಿಟ್ಟು,
ತನ್ನ ದವಡೆಯನ್ನೇ ಕಡಿದುಕೊಳ್ಳುತ್ತದೆ.
ತಿರುವಿನಲ್ಲಿ ತುಂಬಿದ ಬಕೆಟ್ಟು ಹೊತ್ತವಳಂತೆ ಒಂದು ಕಡೆ ವಾಲುತ್ತದೆ.
ಟ್ರಾಕ್ಟರನ್ನು ಹಿಂದಿಕ್ಕಲು ಅರ್ಜಿ ಹಾಕಿ ಕಾಯಬೇಕು.
ಆದರೆ (ಇದನ್ನು ಗಂಡನಿಗೂ ಹೇಳಿಲ್ಲ)
ವೇಗವಿಲ್ಲದ್ದನ್ನು ಚೆನ್ನಾಗಿ ಓಡಿಸುವುದರ ರುಚಿಯೇ ಬೇರೆ,
ಇದ್ದ ನಾಲ್ಕು ಕಾಸಿನಲ್ಲಿ ಸಂತೆ ಮುಗಿಸಿ ಬಂದ ಹಾಗೆ.
ಬ್ರೇಕು ಬೇಗ ಬಿಡು. ಗಳಿಸಿದ ಓಟ ಕಳೆಯಬೇಡ.
ಹಿಮ್ಮಡಿಯಲ್ಲಿ ಆಕ್ಸಿಲರೇಟರನ್ನೊಮ್ಮೆ ತಟ್ಟಿ
ಮೂರರಿಂದ ಎರಡಕ್ಕೆ ಇಳಿಸು: ಬೆಣ್ಣೆ.
ಹಿಂಸೀಟಿನಲ್ಲಿ ಕೈಗವಸಿನ ಪೊಟ್ಟಣ,
ತಟ್ಟೆ ಮುಚ್ಚಿದ ಒಂದು ಪಾತ್ರೆ ಸೂಪು.
ಹನಿ ಚೆಲ್ಲಬಾರದು. ನನ್ನ ತೀರ್ಪುಗಾರ ಅದೇ.

ಮಂಗಳವಾರ ಪ್ಯಾಕಿ ಮೆಗ್ಲಿಂಚಿಯವರನ್ನು
ಲೆಟರ್ಕೆನಿಗೆ, ಕಣ್ಣಿನ ಡಾಕ್ಟರ ಬಳಿ ಒಯ್ಯಬೇಕಿತ್ತು.
ಎಂಬತ್ತೆರಡು. ಉಳಿದದ್ದು ಅಂಚಿನಲ್ಲೊಂದಿಷ್ಟು ಮಬ್ಬು ಬೆಳಕು.
ಬೆಲ್ಟು ಹಾಕಿಸಿದೆ. ಎರಡು ಮೈಲಿ ಮಾತಿಲ್ಲ.
ಆಮೇಲೊಂದು ತಿರುವು ಮುಗಿಯುತ್ತಲೂ,
'ಹೀಗೆ ಗೇರಿಳಿಸಲು ಯಾರು ಕಲಿಸಿದರು ನಿನಗೆ?'
ಉತ್ತರಕ್ಕೆ ಕಾಯಲಿಲ್ಲ. ತೊಡೆಯ ಮೇಲಿನ
ಇಲ್ಲದ ಪುಸ್ತಕದ ಹಾಳೆ ಮಗುಚಿ, ಒಣ ದನಿಯಲ್ಲಿ:
'ಎಡ ನಾಲ್ಕು, ಉದ್ದ. ಒಳಗೆ ಕಡಿಯಬೇಡ, ಕಲ್ಲಿದೆ.
ನೂರು. ದಿಬ್ಬ. ಬಲ ಮೂರು, ಬಿಗಿಯುತ್ತದೆ.'
ಬಿಗಿಯಿತು.
ಕಲ್ಲೂ ಇತ್ತು, ಸುಣ್ಣ ಬಳಿದುಕೊಂಡು.
ಯಾರ ಪಕ್ಕದಲ್ಲಿ ಕೂತು ಓದುತ್ತಿದ್ದರೋ, ನಾನು ಕೇಳಲಿಲ್ಲ.

'ಮುಂದೆ ಜವುಗಿನ ನೇರ,' ಎಂದರು. 'ಪೂರ್ತಿ.'
ಪೂರ್ತಿ ಎಂದರೆ ಪೆಡಲು ನೆಲ ಮುಟ್ಟಬೇಕು.
ಒತ್ತಿದೆ. ಮೈಕ್ರಾ
ಉಸಿರೆಳೆದುಕೊಂಡಿತು, ಯೋಚಿಸಿತು, ಕಿರುಚಿತು.
ಮುಳ್ಳು ಎಪ್ಪತ್ತೆಂಟಕ್ಕೆ ಹೋಗಿ ನಡುಗುತ್ತ ನಿಂತಿತು.
ಕುರಿಯೊಂದು ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.
ಪಕ್ಕದಲ್ಲಿ ಎರಡು ಸಣಕಲು ಕಾಲು
ನೆಲಕ್ಕೆ ಊರಿ ಕೂತಿದ್ದವು.
'ಎಷ್ಟು?'
'ನೂರಾ ಅರವತ್ತು,' ಅಂದೆ.
'ಸುಳ್ಳು.' ಸ್ವಲ್ಪ ತಡೆದು,
'ಆದರೂ ಬಲ ಐದಕ್ಕೆ ಕಾಲೆತ್ತಬೇಡ.'

ಎತ್ತಲಿಲ್ಲ.

ವಾಪಸು ಬರುವಾಗ ಔಷಧಿ ಬಿಟ್ಟ ಕಣ್ಣು ಮುಚ್ಚಿ
ಅವರು ಗೊರಕೆ ಹೊಡೆದರು.
ಅದೇ ದಾರಿಯನ್ನು ಹಿಂದುಮುಂದಾಗಿ
ಒಬ್ಬಳೇ ಮೆಲ್ಲಗೆ ಓದಿಕೊಂಡೆ, ಎಡಗಳೆಲ್ಲ ಬಲ.
ಮುಂದಿನ ಮನೆಯ ಅಂಗಳದಲ್ಲಿ ಹಿಂಬಾಗಿಲು ತೆರೆದರೆ
ಸೂಪು ಚೆಲ್ಲಿತ್ತು,
ಅಂಗೈಯಗಲ.